ಗ್ರೂಪ್ ಥಿಯರಿಯನ್ನು ಲೆಕ್ಕ ಮಾಡುತ್ತಾ ಓದುವ ಬಗೆ

ಗ್ರೂಪ್ ಎಂದರೆ ಒಂದು ಗಣ ಮತ್ತು ಅದರ ಅಂಶಗಳನ್ನು ಎರಡೆರಡಾಗಿ ಸೇರಿಸುವ ಒಂದು ಕ್ರಿಯೆ. ಅದರ ವ್ಯಾಖ್ಯೆ ಚಿಕ್ಕದು. ಆವೃತ ಗುಣ, ಸಹವರ್ತನೀಯ ಗುಣ, ಅನನ್ಯತಾಂಶ ಮತ್ತು ವಿಲೋಮ ಎಂಬ ನಾಲ್ಕನ್ನು ಬಾಯಿಪಾಠ ಮಾಡಲು ಒಂದು ಸಂಜೆ ಸಾಕು. ಕೆಲವು ವಾರಗಳ ಬಳಿಕ ಕೋಸೆಟ್ (ಸಬ್‌ಗ್ರೂಪ್, ಅಂದರೆ ಗ್ರೂಪ್‌ನೊಳಗಿನ ಗ್ರೂಪ್, ಅದರ ಎಲ್ಲ ಅಂಶಗಳನ್ನು ಒಂದು ಅಂಶದಿಂದ ಎಡಗಡೆ ಅಥವಾ ಬಲಗಡೆಯಿಂದ ಗುಣಿಸಿದಾಗ ಸಿಗುವ ಗಣ) ಮತ್ತು ನಾರ್ಮಲ್ ಸಬ್‌ಗ್ರೂಪ್ (ಎಡ, ಬಲ ಕೋಸೆಟ್‌ಗಳು ಒಂದೇ ಆಗುವ ಸಬ್‌ಗ್ರೂಪ್) ಬಂದಾಗ ಹಲವರಿಗೆ ನೆಲೆ ತಪ್ಪುತ್ತದೆ. ಬುದ್ಧಿ ಸಾಲದೆ ಅಲ್ಲ, ಅಷ್ಟು ಹೊತ್ತಿಗೆ ಕೈಯಲ್ಲಿ ಪಳಗಿದ ಉದಾಹರಣೆಗಳಿಲ್ಲದೆ.

ಆದ್ದರಿಂದ ಮೊದಲ ವಾರದಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಕೆಲವು ಸಣ್ಣ ಗ್ರೂಪ್‌ಗಳನ್ನು ಬರೆದಿಟ್ಟುಕೊಳ್ಳಿ: ಮಾಡ್ಯುಲೋ 6ರ (6ರಿಂದ ಭಾಗಿಸಿದ ಶೇಷವನ್ನಷ್ಟೇ ಉಳಿಸಿಕೊಳ್ಳುವ) ಸಂಕಲನದ ಗ್ರೂಪ್, ಕ್ಲೈನ್‌ನ 4 ಅಂಶಗಳ ಗ್ರೂಪ್, ಮೂರು ವಸ್ತುಗಳ ಕ್ರಮಯೋಜನೆಗಳ ಗ್ರೂಪ್ ಆದ ಎಸ್3, ಚೌಕದ 8 ಸಮ್ಮಿತಿಗಳ ಗ್ರೂಪ್, ಮತ್ತು ನಾಲ್ಕು ವಸ್ತುಗಳ ಸಮ ಕ್ರಮಯೋಜನೆಗಳ (ಸಮ ಸಂಖ್ಯೆಯ ಅದಲುಬದಲುಗಳಿಂದ ಸಿಗುವವುಗಳ), 12 ಅಂಶಗಳ ಗ್ರೂಪ್ ಆದ ಎ4. ಹೊಸ ವ್ಯಾಖ್ಯೆಯೊಂದು ಬಂದ ದಿನವೇ ಈ ಐದರಲ್ಲೂ ಅದನ್ನು ಪರೀಕ್ಷಿಸಿ. ಎಸ್3ರ ಗುಣಾಕಾರ ಕೋಷ್ಟಕವನ್ನಂತೂ ಪುಸ್ತಕ ನೋಡದೆ ಸ್ವತಃ ತುಂಬಿಸಬೇಕು.

ಆ ಶ್ರಮದ ಫಲ ಎಲ್ಲಿ ಸಿಗುತ್ತದೆ ಎಂಬುದನ್ನು ನೋಡೋಣ. (1 2) ಎಂದರೆ 1 ಮತ್ತು 2ನ್ನು ಅದಲುಬದಲು ಮಾಡುವ ಕ್ರಮಯೋಜನೆ, (1 2 3) ಎಂದರೆ 1ನ್ನು 2ಕ್ಕೆ, 2ನ್ನು 3ಕ್ಕೆ, 3ನ್ನು 1ಕ್ಕೆ ಒಯ್ಯುವ ಕ್ರಮಯೋಜನೆ. ಎಸ್3ರಲ್ಲಿ ಅನನ್ಯತಾಂಶ ಮತ್ತು (1 2) ಸೇರಿದ ಸಬ್‌ಗ್ರೂಪನ್ನು ಎಚ್ ಎನ್ನಿ. ಗುಣಲಬ್ಧವನ್ನು ಬಲದಿಂದ ಎಡಕ್ಕೆ ಓದಿದರೆ (ಕೆಲವು ಪುಸ್ತಕಗಳು ಎಡದಿಂದ ಓದುತ್ತವೆ, ನಿಮ್ಮ ಪುಸ್ತಕದ ಕ್ರಮವನ್ನು ಮೊದಲೇ ಗುರುತಿಸಿಕೊಳ್ಳಿ), (1 3)ರ ಎಡ ಕೋಸೆಟ್‌ನಲ್ಲಿ (1 3) ಮತ್ತು (1 2 3) ಇರುತ್ತವೆ. ಬಲ ಕೋಸೆಟ್‌ನಲ್ಲಿ (1 3) ಮತ್ತು (1 3 2) ಇರುತ್ತವೆ. ಎರಡೂ ಒಂದೇ ಅಲ್ಲ. ಈಗ ಆ ಎಡ ಕೋಸೆಟನ್ನು ಅದರಿಂದಲೇ ಗುಣಿಸಲು ಯತ್ನಿಸಿ. ಪ್ರತಿನಿಧಿಯಾಗಿ ಎರಡು ಸಲವೂ (1 3)ನ್ನೇ ಆರಿಸಿದರೆ ಉತ್ತರ ಅನನ್ಯತಾಂಶ, ಅಂದರೆ ಎಚ್‌ನ ಒಳಗೆ. ಮೊದಲನೆಯದಾಗಿ (1 2 3)ನ್ನು, ಎರಡನೆಯದಾಗಿ (1 3)ನ್ನು ಆರಿಸಿದರೆ ಉತ್ತರ (2 3), ಅಂದರೆ ಎಚ್‌ನ ಹೊರಗೆ. ಪ್ರತಿನಿಧಿ ಬದಲಾದರೆ ಉತ್ತರವೂ ಬದಲಾಗುವ ಗುಣಾಕಾರದಿಂದ ಗ್ರೂಪ್ ಕಟ್ಟಲಾಗದು. ನಾರ್ಮಲ್ ಎಂಬ ಷರತ್ತು ಏಕೆ ಬೇಕೆಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ವಿವರಣೆ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. 1832ರಲ್ಲಿ, 20ನೇ ವಯಸ್ಸಿನಲ್ಲಿ ತೀರಿಕೊಂಡ ಫ್ರೆಂಚ್ ಗಣಿತಜ್ಞ ಗಾಲ್ವಾ ತನ್ನ ಕೊನೆಯ ಪತ್ರದಲ್ಲಿ ಬೇರ್ಪಡಿಸಿ ತೋರಿಸಿದ್ದು ಇದೇ ಭೇದವನ್ನು: ಎಡ ಮತ್ತು ಬಲ ವಿಭಜನೆಗಳು ಒಂದಾಗುವ ಸಂದರ್ಭ, ಒಂದಾಗದ ಸಂದರ್ಭ.

ಪ್ರಮೇಯಗಳ ಸಾಧನೆಯನ್ನು ಓದುವಾಗ ಪ್ರತಿ ಷರತ್ತು ಯಾವ ಸಾಲಿನಲ್ಲಿ ಬಳಕೆಯಾಯಿತೆಂದು ಅಂಚಿನಲ್ಲಿ ಗುರುತು ಹಾಕಿ, ನಂತರ ಪುಸ್ತಕ ಮುಚ್ಚಿ ಬರೆಯಿರಿ. ಪರಿಮಿತ ಗ್ರೂಪ್‌ನ ಸಬ್‌ಗ್ರೂಪ್‌ನ ಅಂಶಗಳ ಸಂಖ್ಯೆ ಗ್ರೂಪ್‌ನ ಅಂಶಗಳ ಸಂಖ್ಯೆಯನ್ನು ಭಾಗಿಸುತ್ತದೆ ಎನ್ನುವ ಲಗ್ರಾಂಜ್ ಪ್ರಮೇಯದ ವಿಲೋಮ ಹೇಳಿಕೆಯೂ (ಭಾಗಿಸುವ ಪ್ರತಿ ಸಂಖ್ಯೆಗೂ ಒಂದು ಸಬ್‌ಗ್ರೂಪ್ ಇದೆ ಎಂಬುದು) ನಿಜವೆಂದು ಭಾವಿಸುವುದು ಸಾಮಾನ್ಯ ತಪ್ಪು. 6 ಎಂಬುದು 12ನ್ನು ಭಾಗಿಸಿದರೂ ಎ4ರಲ್ಲಿ 6 ಅಂಶಗಳ ಸಬ್‌ಗ್ರೂಪ್ ಇಲ್ಲವೆಂಬುದನ್ನು ನೀವೇ ಸಾಧಿಸಿ ನೋಡಿ.

ಹೋಮೋಮಾರ್ಫಿಸಂಗೆ (ಗುಣಾಕಾರವನ್ನು ಕಾಪಾಡುತ್ತಾ ಒಂದು ಗ್ರೂಪ್‌ನಿಂದ ಮತ್ತೊಂದಕ್ಕೆ ಹೋಗುವ ಫಲನಕ್ಕೆ) ಬಂದಾಗ ಮತ್ತೆ ಎಸ್3ಕ್ಕೆ ಮರಳಿ. ಸಮ ಕ್ರಮಯೋಜನೆಗೆ 1, ಬೆಸಕ್ಕೆ -1 ಕೊಡುವ ಫಲನದ ಕರ್ನಲ್ (ಅನನ್ಯತಾಂಶಕ್ಕೆ, ಇಲ್ಲಿ 1ಕ್ಕೆ, ಹೋಗುವ ಅಂಶಗಳ ಗಣ) ಬರೆಯಿರಿ, ಅದರ ಎರಡು ಕೋಸೆಟ್‌ಗಳನ್ನು ಪಟ್ಟಿ ಮಾಡಿ, ಎಡ ಮತ್ತು ಬಲ ಕೋಸೆಟ್‌ಗಳು ಇಲ್ಲಿ ಒಂದೇ ಆಗಿರುವುದನ್ನು ಪರೀಕ್ಷಿಸಿ. ಆಮೇಲೆ ಮೊದಲ ಐಸೋಮಾರ್ಫಿಸಂ ಪ್ರಮೇಯದ ಪುಟ ತೆರೆಯಿರಿ.