ಏರಿನಲ್ಲಿ ಮಾತ್ರ ಕಾಯುತ್ತಿದ್ದ ಎಂಜಿನ್

ನನ್ನ ಹಳೆಯ ಡೀಸೆಲ್ ಪಿಕಪ್ ಮೊದಲ ಸಲ ಕಾದದ್ದು ಒಂದು ಉದ್ದನೆಯ ಏರಿನಲ್ಲಿ. ಹಿಂದೆ ಪೂರ್ತಿ ಲೋಡು, ಮೂರನೇ ಗೇರು. ಯಾವಾಗಲೂ ಅರ್ಧಕ್ಕೆ ನಿಲ್ಲುತ್ತಿದ್ದ ಟೆಂಪರೇಚರ್ ಮುಳ್ಳು ನೋಡನೋಡುತ್ತ ಕೆಂಪು ಗೆರೆಯ ಹತ್ತಿರ ಬಂದುಬಿಟ್ಟಿತ್ತು. ಕಿಟಕಿ ಇಳಿಸಿ, ಕ್ಯಾಬಿನ್ ಹೀಟರನ್ನು ಪೂರ್ತಿ ತಿರುಗಿಸಿ, ಬ್ಲೋವರ್ ಜೋರು ಮಾಡಿದೆ. ಹೀಟರಿನೊಳಗೂ ಒಂದು ಪುಟ್ಟ ರೇಡಿಯೇಟರ್ ಇರುವುದರಿಂದ ಎಂಜಿನ್ನಿನ ಬಿಸಿ ಅಷ್ಟಿಷ್ಟು ಆ ದಾರಿಯಲ್ಲೂ ಹೊರಬೀಳುತ್ತದೆ. ಸಮತಟ್ಟು ಜಾಗ ಸಿಕ್ಕಾಗ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಐಡಲ್‌ನಲ್ಲಿ ಬಿಟ್ಟೆ. ಐದಾರು ನಿಮಿಷದಲ್ಲಿ ಮುಳ್ಳು ತಾನಾಗಿ ಅರ್ಧಕ್ಕೆ ಇಳಿಯಿತು.

ನಿಂತಾಗ ಇಳಿಯಿತು ಎನ್ನುವುದರಲ್ಲೇ ಗುಟ್ಟೆಲ್ಲ ಇತ್ತು. ಅವತ್ತು ನಾನು ಅದರ ಬಗ್ಗೆ ಯೋಚಿಸಲೇ ಇಲ್ಲ. ಮನೆಗೆ ಬಂದವನೇ ಹೊಸ ಥರ್ಮೋಸ್ಟ್ಯಾಟ್ ಹಾಕಿದೆ, ಅಂದರೆ ಎಂಜಿನ್ ಬಿಸಿಯಾದಾಗ ಬಾಯಿ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ. ಆಮೇಲೆ ಹಳೆಯದನ್ನು ನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ ನೋಡಿದೆ. ಅದರ ಮೇಲೆ 82 ಎಂದು ಒತ್ತಿತ್ತು. ಸರಿಯಾಗಿ 82 ಡಿಗ್ರಿಯ ಆಸುಪಾಸಿನಲ್ಲೇ ಬಾಯಿ ಬಿಡತೊಡಗಿತು, 95ರ ಹೊತ್ತಿಗೆ ಪೂರ್ತಿ ತೆರೆದುಕೊಂಡಿತು. ಏನೂ ದೋಷವಿರಲಿಲ್ಲ. ಈ ಪರೀಕ್ಷೆಯನ್ನು ಹೊಸದು ತರುವ ಮೊದಲೇ ಮಾಡಬೇಕಿತ್ತು. ಥರ್ಮೋಸ್ಟ್ಯಾಟನ್ನೇ ತೆಗೆದು ಬಿಸಾಕಿ ಎಂದು ಹೇಳುವವರು ಬಹಳ ಜನ. ದಯವಿಟ್ಟು ಕೇಳಬೇಡಿ. ಎಷ್ಟೋ ಎಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟ್ ತೆರೆದಾಗ ಅದರ ಕೆಳತುದಿ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದೇ ಇಲ್ಲವಾದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತಿರುತ್ತದೆ.

ಆಮೇಲೆ ಒಬ್ಬ ಮೆಕ್ಯಾನಿಕ್ ಹೇಳಿದರೆಂದು ವಾಟರ್ ಪಂಪ್ ಬದಲಾಯಿಸಿದೆ. ಬಿಚ್ಚಿದ ಪಂಪಿನ ರೆಕ್ಕೆಗಳು ಸವೆದಿರಲಿಲ್ಲ, ಶಾಫ್ಟ್ ಅಲುಗಾಡುತ್ತಿರಲಿಲ್ಲ. ಅದೇ ಏರು, ಮತ್ತೆ ಅದೇ ಕಾವು.

ಆಗ ಸ್ಪ್ಯಾನರ್ ಕೆಳಗಿಟ್ಟು ಒಂದು ನೋಟ್‌ಬುಕ್ ತೆಗೆದುಕೊಂಡೆ. ವಾರವಿಡೀ ಗಾಡಿ ಎಲ್ಲಿ ಕಾಯುತ್ತದೆ, ಎಲ್ಲಿ ಕಾಯುವುದಿಲ್ಲ ಎಂದಷ್ಟೇ ಬರೆದೆ. ಅರ್ಧ ಗಂಟೆ ಐಡಲ್: ಕಾಯಲಿಲ್ಲ. ತೆವಳುವ ಟ್ರಾಫಿಕ್: ಕಾಯಲಿಲ್ಲ. ಖಾಲಿ ಗಾಡಿ, ಸಮತಟ್ಟು ರಸ್ತೆ, 60 ಕಿಲೋಮೀಟರ್ ವೇಗ: ಮುಳ್ಳು ಅರ್ಧದಲ್ಲೇ. 90ಕ್ಕೆ ಏರಿಸಿದರೆ ನಿಧಾನವಾಗಿ ಮೇಲಕ್ಕೆ. ಲೋಡು ಹಾಕಿ ಏರು ಹತ್ತಿಸಿದರೆ ಸರ್ರನೆ ಮೇಲಕ್ಕೆ.

ಫ್ಯಾನ್ ಅಥವಾ ಬಿಸಿಯಾದಾಗ ಅದನ್ನು ಜೋರಾಗಿ ತಿರುಗಿಸುವ ಫ್ಯಾನ್ ಕ್ಲಚ್ ಕೆಟ್ಟಿದ್ದರೆ ನಿಂತಾಗ, ನಿಧಾನ ಹೋಗುವಾಗ ಕಾಯಬೇಕಿತ್ತು, ಓಡುವಾಗ ಗಾಳಿಗೆ ತಣಿಯಬೇಕಿತ್ತು. ನನ್ನದು ತದ್ವಿರುದ್ಧ. ಅಂದರೆ ಎಂಜಿನ್ ಹೆಚ್ಚು ಬಿಸಿ ಹುಟ್ಟಿಸಿದಾಗ ಅದನ್ನು ಹೊತ್ತೊಯ್ಯುವಷ್ಟು ನೀರು ಹರಿಯುತ್ತಿಲ್ಲ, ಇಲ್ಲವೇ ರೇಡಿಯೇಟರಿಗೆ ಅಷ್ಟು ಬಿಸಿ ಬಿಡುವ ಶಕ್ತಿ ಉಳಿದಿಲ್ಲ.

ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್, ಹೋಗಿರಬಹುದೆಂಬ ಭಯವೂ ಇತ್ತು. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದೆ, ನೀರಿನಲ್ಲಿ ಗುಳ್ಳೆ ಏಳಲಿಲ್ಲ. ಆಯಿಲ್ ಕ್ಯಾಪಿನ ಒಳಗೆ ಹಾಲಿನ ಕೆನೆಯಂಥ ಬಿಳಿ ಜಿಡ್ಡಿರಲಿಲ್ಲ. ಸೈಲೆನ್ಸರಿನಲ್ಲಿ ಬಿಡದೆ ಬರುವ ಬಿಳಿ ಹೊಗೆಯೂ ಇರಲಿಲ್ಲ, ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಕಡಿಮೆಯಾಗುತ್ತಿರಲಿಲ್ಲ. ಮನಸ್ಸು ಹಗುರಾಯಿತು. ಆದರೆ ರೇಡಿಯೇಟರ್ ಕ್ಯಾಪಿನ ರಬ್ಬರ್ ಸೀಲ್ ಬಿರುಕು ಬಿಟ್ಟಿತ್ತು, ಅದನ್ನು ಬದಲಾಯಿಸಿದೆ. ಇದು ಬರೀ ಮುಚ್ಚಳವಲ್ಲ. ನನ್ನ ಗಾಡಿಯದು 0.9 ಬಾರ್ ಒತ್ತಡ ಹಿಡಿಯುವ ಕ್ಯಾಪ್. ಆ ಒತ್ತಡದಲ್ಲಿ ಬರೀ ನೀರು ಕೂಡ ಸುಮಾರು 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಎಂಜಿನ್ ಬಿಸಿಯಿದ್ದಾಗ ಕ್ಯಾಪ್ ತೆಗೆಯಬಾರದು ಎನ್ನುವುದೂ ಇದಕ್ಕೇ: ಒತ್ತಡ ಬಿಟ್ಟ ತಕ್ಷಣ ನೀರು ಒಟ್ಟಿಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ರೇಡಿಯೇಟರಿನ ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವವರೆಗೆ ನಾನು ಕ್ಯಾಪ್ ಮುಟ್ಟುವುದಿಲ್ಲ.

ಇನ್ನು ಬಾನೆಟ್ ಎತ್ತಿ, ಎಂಜಿನ್ ಬಿಸಿಯಾದ ಮೇಲೆ, ಬೆಲ್ಟು-ಫ್ಯಾನಿಗೆ ಬಟ್ಟೆ ಸಿಗದಂತೆ ತೋಳು ಮಡಚಿ, ಥ್ರಾಟಲ್ ಲಿವರನ್ನು ಕೈಯಿಂದ ಎಳೆದೆ. ಸ್ನೇಹಿತರೊಬ್ಬರು ಒಳಗೆ ಕೂತು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಓದುತ್ತಿದ್ದರು. ಎರಡು ಸಾವಿರದವರೆಗೆ ಎಲ್ಲ ಸರಿ. ಮೂರು ಸಾವಿರದ ಹತ್ತಿರ ರೇಡಿಯೇಟರಿನ ಕೆಳಗಿನ ಹೋಸ್ ಕಣ್ಣೆದುರೇ ಚಪ್ಪಟೆಯಾಯಿತು. ಲಿವರ್ ಬಿಟ್ಟರೆ ಮತ್ತೆ ಉಬ್ಬಿತು. ಕೆಳಗಿನ ಹೋಸಿನಿಂದಲೇ ಪಂಪ್ ನೀರು ಎಳೆದುಕೊಳ್ಳುವುದು. ಆ ಸೆಳೆತಕ್ಕೆ ಹೋಸ್ ಮುಚ್ಚಿಕೊಳ್ಳದಿರಲಿ ಎಂದೇ ಒಳಗೆ ಸುರುಳಿ ಸ್ಪ್ರಿಂಗ್ ಇರುತ್ತದೆ. ಬಿಚ್ಚಿ ಸೀಳಿ ನೋಡಿದರೆ ಸ್ಪ್ರಿಂಗ್ ತುಕ್ಕು ಹಿಡಿದು ಪುಡಿಯಾಗಿತ್ತು. ಐಡಲ್‌ನಲ್ಲಿ ಎಷ್ಟು ನೋಡಿದರೂ ಇದು ಕಾಣುತ್ತಿರಲಿಲ್ಲ.

ಸ್ಪ್ರಿಂಗ್ ಇರುವ ಹೊಸ ಹೋಸ್ ಹಾಕಿ ಏರು ಹತ್ತಿಸಿದೆ. ತುಂಬ ಸುಧಾರಿಸಿತ್ತು, ಆದರೂ ಮುಳ್ಳು ಮುಕ್ಕಾಲು ಮುಟ್ಟಿತು. ಪಂಪ್ ಅಷ್ಟು ಜೋರಾಗಿ ಸೆಳೆಯಬೇಕಾಗಿ ಬಂದದ್ದಾದರೂ ಯಾಕೆ? ಮೇಲಿನಿಂದ ನೀರು ಬೇಕಾದಷ್ಟು ಇಳಿಯುತ್ತಿಲ್ಲವೇನೋ ಎನ್ನಿಸಿತು. ಎಂಜಿನ್ ಬಿಸಿ ಮಾಡಿ, ಆಫ್ ಮಾಡಿದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ರೇಡಿಯೇಟರಿನ ಉದ್ದಗಲ ಅಳೆದೆ. ಬಲಭಾಗದಲ್ಲಿ 80ರ ಆಸುಪಾಸು, ಎಡಗಡೆಯ ಕಾಲುಭಾಗದಲ್ಲಿ ಐವತ್ತೂ ಇಲ್ಲ. ಅಲ್ಲಿನ ಕೊಳವೆಗಳಲ್ಲಿ ನೀರೇ ಓಡುತ್ತಿರಲಿಲ್ಲ.

ರೇಡಿಯೇಟರ್ ಕೆಳಗಿಳಿಸಿದಾಗ ಎಸಿ ಕಂಡೆನ್ಸರಿಗೂ ಅದಕ್ಕೂ ನಡುವೆ ದೂಳು, ಹುಲ್ಲಿನ ಬೀಜ, ಸತ್ತ ಹುಳು ಸೇರಿ ಕಂಬಳಿಯಂತೆ ಕೂತಿತ್ತು. ಮುಂದಿನಿಂದ ಟಾರ್ಚ್ ಹಾಕಿ ನೋಡಿದರೆ ಇದು ಕಾಣುವುದಿಲ್ಲ. ಎಂಜಿನ್ ಕಡೆಯಿಂದ ಹೊರಕ್ಕೆ, ಸಾಧಾರಣ ಪೈಪಿನ ನೀರಿನಲ್ಲಿ ತೊಳೆದೆ. ಪ್ರೆಶರ್ ವಾಷರ್ ಹಿಡಿದರೆ ಕೊಳವೆಗಳ ನಡುವಿನ ತೆಳು ಲೋಹದ ಫಿನ್ನುಗಳು ಮಡಚಿಹೋಗುತ್ತವೆ. ಒಳಗಿನ ಕೆಲಸ ನನ್ನಿಂದ ಆಗುವಂಥದ್ದಲ್ಲ. ರೇಡಿಯೇಟರ್ ಕೆಲಸದವರು ಬೆಸುಗೆ ಬಿಡಿಸಿ ಮೇಲಿನ ಹಿತ್ತಾಳೆ ಟ್ಯಾಂಕ್ ತೆಗೆದರು. ಎಡಗಡೆಯ ಕೊಳವೆಗಳ ಬಾಯಲ್ಲಿ ಬಿಳಿ ಗಾರೆಯಂತೆ ಉಪ್ಪು ಕಟ್ಟಿತ್ತು. ವರ್ಷಗಟ್ಟಲೆ ನಾನೇ ಸುರಿದ ಗಡಸು ನೀರಿನ ಫಲ ಅದು, ನೋಡಿ ಬೇಸರವಾಯಿತು. ಅವರು ಒಂದೊಂದೇ ಕೊಳವೆಗೆ ಚಪ್ಪಟೆ ಕಡ್ಡಿ ಹಾಕಿ ಬಿಡಿಸಿ, ಮತ್ತೆ ಬೆಸುಗೆ ಹಾಕಿ, ಒತ್ತಡ ಕೊಟ್ಟು ಸೋರಿಕೆ ನೋಡಿ ಕೊಟ್ಟರು.

ಈಗ ಎಥಿಲೀನ್ ಗ್ಲೈಕಾಲ್ ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಸಮಪಾಲು ಬೆರೆಸಿ ಹಾಕುತ್ತೇನೆ. ಹಳೆಯ ಕೂಲೆಂಟನ್ನು ನೆಲಕ್ಕೆ ಬಿಡಬೇಡಿ. ಅದರ ರುಚಿ ಸಿಹಿ, ನಾಯಿ-ಬೆಕ್ಕು ನೆಕ್ಕಿದರೆ ಸಾಯುತ್ತವೆ. ತುಂಬಿಸುವಾಗ ಗಾಡಿಯ ಮೂತಿ ಮೇಲಾಗುವಂತೆ ನಿಲ್ಲಿಸಿ, ಹೀಟರ್ ತೆರೆದಿಟ್ಟು, ಕ್ಯಾಪ್ ಹಾಕದೆ ಐಡಲ್‌ನಲ್ಲಿ ಬಿಟ್ಟು ಒಳಗಿನ ಗಾಳಿಯೆಲ್ಲ ಹೋಗುವವರೆಗೆ ಕಾದೆ. ಥರ್ಮೋಸ್ಟ್ಯಾಟಿನಲ್ಲಿರುವ ಸಣ್ಣ ಪಿನ್ ಮೇಲ್ಮುಖವಾಗಿ ಕೂತಿದ್ದರೆ ಈ ಗಾಳಿ ಬೇಗ ಹೊರಬೀಳುತ್ತದೆ.

ಮತ್ತೆ ಅದೇ ಏರು, ಅಷ್ಟೇ ಲೋಡು, ಮೂರನೇ ಗೇರು. ಮುಳ್ಳು ಅರ್ಧ ದಾಟಿ ಒಂದು ಗೆರೆಯಷ್ಟು ಮೇಲೆ ಹೋಗಿ ಅಲ್ಲೇ ನಿಂತಿತು. ತುದಿಯಲ್ಲಿ ಗಾಡಿ ನಿಲ್ಲಿಸಿ ಅಳೆದೆ: ಮೇಲಿನ ಹೋಸ್ 93, ಕೆಳಗಿನದು 79. ಎರಡನ್ನೂ ತಾರೀಖಿನ ಜೊತೆ ಬಾನೆಟ್ಟಿನ ಒಳಮೈಯಲ್ಲಿ ಪೇಂಟ್ ಪೆನ್ನಿನಿಂದ ಬರೆದಿಟ್ಟಿದ್ದೇನೆ.