ವೇಳಾಪಟ್ಟಿ ಬಂದಾಗ ನಾನು ಮೊದಲು ನೋಡುವುದು ಪ್ರಾಪ್‌ಗಳ ಲೆಕ್ಕ

ಹವ್ಯಾಸಿ ರಗ್ಬಿ ಕ್ಲಬ್ ಒಂದರಲ್ಲಿ ಟೀಮ್ ಮ್ಯಾನೇಜರ್ ಕೆಲಸ ನೋಡಿಕೊಳ್ಳುತ್ತೇನೆ. ಸಂಬಳ ಇಲ್ಲ, ಬೈಗುಳ ಧಾರಾಳ. ಆಡಿಸುವುದು ಕೋಚ್, ಆಡುವವರನ್ನು ಮೈದಾನ ಮುಟ್ಟಿಸುವುದು ನಾನು. ಬಸ್ಸು, ಊಟ, ನೋಂದಣಿ, ಟೀಮ್ ಶೀಟ್, ಯಾರೋ ಮರೆತು ಬಂದ ಬೂಟು, ಎಲ್ಲಾ ನನ್ನ ತಲೆಗೇ.

ಸೀಸನ್ನಿನ ವೇಳಾಪಟ್ಟಿ ಬಂದಾಗ ಹುಡುಗರು ಎದುರಾಳಿ ಯಾರು ಅಂತ ನೋಡುತ್ತಾರೆ. ನಾನು ನೋಡುವುದು ಬೇರೆ. ದೂರದ ಪಂದ್ಯ ಯಾವ ವಾರ? ಅದರ ಹಿಂದಿನ ವಾರ ಏನಿದೆ? ಆ ದಿನ ನಮ್ಮ ಪ್ರಾಪ್‌ಗಳು, ಅಂದರೆ ಸ್ಕ್ರಮ್‌ನ ಮುಂದಿನ ಸಾಲಿನ ಎರಡು ತುದಿಗೆ ನಿಲ್ಲುವವರು, ಊರಲ್ಲಿ ಇರುತ್ತಾರಾ? (ಎರಡೂ ತಂಡದ ಎಂಟೆಂಟು ಜನ ತೋಳು ಹೆಣೆದು ಚೆಂಡಿಗಾಗಿ ತಳ್ಳಾಡುವುದೇ ಸ್ಕ್ರಮ್.) ಉಳಿದದ್ದು ಆಮೇಲೆ.

ಪ್ರಾಪ್‌ಗಳೇ ಯಾಕೆ ಅಂದರೆ, ಅವರ ಜಾಗಕ್ಕೆ ಬದಲಿ ಹುಡುಕುವುದು ಸುಲಭವಲ್ಲ. 15 ಜನ ಮೈದಾನದಲ್ಲಿ, 8 ಜನ ಬೆಂಚಿನಲ್ಲಿ. ಹೀಗೆ 23 ಹೆಸರು ಕೊಟ್ಟರೆ ಅದರಲ್ಲಿ 6 ಜನ ಫ್ರಂಟ್ ರೋದಲ್ಲಿ, ಅಂದರೆ ಸ್ಕ್ರಮ್‌ನ ಮೂವರ ಮುಂದಿನ ಸಾಲಿನಲ್ಲಿ, ಆಡಲು ತಯಾರಾದವರೇ ಆಗಿರಬೇಕು. ವಿಂಗರ್ ಬರಲಿಲ್ಲ ಅಂದರೆ ಸೆಂಟರ್ ಒಬ್ಬನನ್ನು ಅಂಚಿಗೆ ತಳ್ಳಿ ಪಂದ್ಯ ಮುಗಿಸಬಹುದು. ಟೈಟ್‌ಹೆಡ್, ಅಂದರೆ ಬಲಗಡೆಯ ಪ್ರಾಪ್ ಜಾಗದಲ್ಲಿ ಸುಮ್ನೆ ಯಾರನ್ನೋ ನಿಲ್ಲಿಸುವ ಹಾಗಿಲ್ಲ. ಅದು ಕುತ್ತಿಗೆಯ ಪ್ರಶ್ನೆ. ತರಬೇತಿ ಇದ್ದವರು ಖಾಲಿಯಾದರೆ ಆಮೇಲಿನ ಸ್ಕ್ರಮ್ ಎಲ್ಲಾ ತಳ್ಳಾಟ ಇಲ್ಲದೆ ನಡೆಯುತ್ತದೆ. ನಮ್ಮ ಬಲವೇ ಸ್ಕ್ರಮ್ ಆಗಿದ್ದರೆ ಅಲ್ಲಿಗೆ ಕಥೆ ಮುಗಿದ ಹಾಗೆ.

ಹಾಗಾಗಿ ನನ್ನ ನೋಟ್‌ಬುಕ್‌ನಲ್ಲಿ ಪ್ರತಿ ಪಂದ್ಯಕ್ಕೂ ಒಂದು ಪುಟ. ಎಡಗಡೆ ಜೆರ್ಸಿ ನಂಬರ್ 1, 2, 3, ಅದರ ಎದುರಿಗೇ 17, 16, 18. ಅಂದರೆ ಲೂಸ್‌ಹೆಡ್ (ಎಡಗಡೆಯ ಪ್ರಾಪ್), ಹುಕರ್ (ಇಬ್ಬರ ನಡುವಿನವನು), ಟೈಟ್‌ಹೆಡ್, ಪಕ್ಕದಲ್ಲಿ ಅವರವರ ಬದಲಿ. ಪ್ರತಿ ಹೆಸರಿನ ಮುಂದೆ ಎರಡು ಗುರುತು: ಎರಡೂ ಕಡೆ ಆಡಬಲ್ಲನಾ, ಎಷ್ಟು ಹೊತ್ತಿಗೆ ಬಸ್ ಹತ್ತಬಲ್ಲ. ಎಲ್ಲಾ ಪೆನ್ಸಿಲ್‌ನಲ್ಲಿ. ಗುರುವಾರದ ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ಕಾಗದ ಉಜ್ಜಿ ಉಜ್ಜಿ ತೆಳ್ಳಗಾಗಿರುತ್ತದೆ. ಈ ಆರು ಹೆಸರು ತುಂಬುವವರೆಗೆ ಉಳಿದ 17ರ ಬಗ್ಗೆ ನಾನು ಕೋಚ್ ಜೊತೆ ಮಾತೇ ಎತ್ತುವುದಿಲ್ಲ.

ಇನ್ನು ಸ್ಪರ್ಧೆಯ ಸ್ವರೂಪ. 10 ತಂಡ, ಎಲ್ಲರೂ ಎಲ್ಲರ ಜೊತೆ ತವರಲ್ಲಿ ಒಮ್ಮೆ ಹೊರಗೆ ಒಮ್ಮೆ ಅಂದರೆ ಒಂದೊಂದು ತಂಡಕ್ಕೆ 18 ಪಂದ್ಯ. ಫ್ರಾನ್ಸಿನ ಟಾಪ್ 14ರಲ್ಲಿ ಇದೇ ಲೆಕ್ಕ 26ಕ್ಕೆ ಹೋಗುತ್ತದೆ, ಪ್ಲೇಆಫ್ ಬೇರೆ. ದುಡ್ಡಿಗೆ ಆಡುವವರಿಗೆ ಅದು ಸರಿ. ವಾರವಿಡೀ ಕೆಲಸ ಮಾಡಿ ಶನಿವಾರ ಆಡುವವರಿಗೆ ಜಾಸ್ತಿಯಾಯಿತು, ಅಲ್ವಾ? ಒಂದೇ ಸುತ್ತು ಇಟ್ಟರೆ 9 ಪಂದ್ಯ. ಆಗ ಅರ್ಧ ತಂಡಗಳಿಗೆ 5 ತವರು ಪಂದ್ಯ, ಇನ್ನರ್ಧಕ್ಕೆ 4. ಆ ಒಂದು ಪಂದ್ಯದ ವ್ಯತ್ಯಾಸಕ್ಕೆ ಪ್ರತಿ ವರ್ಷ ಜಗಳ.

ನಮ್ಮ ಲೀಗ್ ಸಭೆಯಲ್ಲಿ ಒಮ್ಮೆ ವಲಯ ಮಾಡೋಣ ಅನ್ನುವ ಸಲಹೆ ಬಂತು. ಹತ್ತಿರದವರು ಹತ್ತಿರದವರ ಜೊತೆ ಆಡಲಿ, ಪ್ರಯಾಣ ಉಳಿಯುತ್ತದೆ ಅಂತ. ಕೇಳಲು ಚೆನ್ನಾಗಿದೆ. ನಾನು ದಕ್ಷಿಣ ಗೋಳಾರ್ಧದ ವೃತ್ತಿಪರ ಲೀಗ್ ಸೂಪರ್ ರಗ್ಬಿಯ ಉದಾಹರಣೆ ಮುಂದಿಟ್ಟೆ. 2016ರಲ್ಲಿ ಅವರು 18 ತಂಡ ಮಾಡಿಕೊಂಡರು. ಟೋಕಿಯೋದ ಸನ್‌ವುಲ್ವ್ಸ್, ಬ್ಯೂನಸ್ ಐರಿಸ್‌ನ ಜಾಗ್ವಾರೆಸ್ ಒಳಗೆ ಬಂದವು. ಎಲ್ಲರೂ ಎಲ್ಲರ ಜೊತೆ ಆಡುವುದು ಸಾಧ್ಯವಿಲ್ಲ, ಆದ್ದರಿಂದ ನಾಲ್ಕು ಕಾನ್ಫರೆನ್ಸ್, ಅಂದರೆ ವಲಯ. 2017ರಲ್ಲಿ ಏನಾಯಿತು ನೋಡಿ. ಆಸ್ಟ್ರೇಲಿಯಾದ ಬ್ರಂಬೀಸ್ 34 ಪಾಯಿಂಟ್ ಗಳಿಸಿ, ಕಾನ್ಫರೆನ್ಸ್ ಗೆದ್ದ ಕಾರಣಕ್ಕೆ ಕ್ವಾರ್ಟರ್‌ಫೈನಲ್ ತವರಲ್ಲೇ ಆಡಿತು. 58 ಪಾಯಿಂಟ್ ಇದ್ದ ನ್ಯೂಜಿಲೆಂಡಿನ ಹರಿಕೇನ್ಸ್ ಅವರೂರು ಕ್ಯಾನ್‌ಬೆರಾಕ್ಕೆ ವಿಮಾನ ಹತ್ತಬೇಕಾಯಿತು. ಗೆದ್ದು ಬಂದರು, ಆ ಮಾತು ಬೇರೆ. ಅದೇ ವರ್ಷ ಪಟ್ಟಿಯಲ್ಲಿ ಮೊದಲಿದ್ದ ದಕ್ಷಿಣ ಆಫ್ರಿಕಾದ ಲಯನ್ಸ್‌ಗೆ ಲೀಗ್ ಹಂತದಲ್ಲಿ ಬಲಿಷ್ಠ ಅನ್ನಿಸಿಕೊಂಡ ನ್ಯೂಜಿಲೆಂಡ್ ತಂಡಗಳಲ್ಲಿ ಒಂದೂ ಎದುರಾಗಿರಲಿಲ್ಲ. ವಲಯ ಮಾಡಿದರೆ ಬಸ್ ಖರ್ಚು ಇಳಿಯುತ್ತದೆ ನಿಜ, ಆದರೆ ಪಾಯಿಂಟ್ ಪಟ್ಟಿಯನ್ನು ಯಾರೂ ನಂಬುವುದಿಲ್ಲ. ಕೊನೆಗೆ ಒಂದೇ ಸುತ್ತು ಆಡಿ, ಆಮೇಲೆ ಮೇಲಿನ ಅರ್ಧ ಕೆಳಗಿನ ಅರ್ಧ ಅಂತ ಒಡೆಯುವುದಕ್ಕೆ ಎಲ್ಲರೂ ಒಪ್ಪಿದರು. ದೂರದ ಪಂದ್ಯ ಬಿಡುವಿನ ವಾರದ ಪಕ್ಕದಲ್ಲಿ ಬರಲಿ ಅಂತ ನಾನು ಪಟ್ಟು ಹಿಡಿದೆ. ಅಷ್ಟು ಸಿಕ್ಕಿತು.

ಪ್ರಯಾಣದ ಬಗ್ಗೆ ಹೇಳುವುದಾದರೆ, ಕಿಲೋಮೀಟರ್ ಒಂದನ್ನೇ ಎಣಿಸಿ ಪ್ರಯೋಜನ ಇಲ್ಲ. ಐರ್ಲೆಂಡಿನಿಂದ ದಕ್ಷಿಣ ಆಫ್ರಿಕಾ ದೂರವೇ. ಆದರೆ ಹಾದಿ ಉತ್ತರ-ದಕ್ಷಿಣ, ಗಡಿಯಾರದಲ್ಲಿ ವ್ಯತ್ಯಾಸ ಒಂದೆರಡು ಗಂಟೆ ಮಾತ್ರ. ನ್ಯೂಜಿಲೆಂಡಿನಿಂದ ಅಲ್ಲಿಗೆ ಹೋದರೆ 10-11 ಗಂಟೆಯ ವ್ಯತ್ಯಾಸ, ಹಗಲು ರಾತ್ರಿಯೇ ತಿರುಗಿಬೀಳುತ್ತದೆ. ದಕ್ಷಿಣ ಆಫ್ರಿಕಾದ ಬುಲ್ಸ್, ಲಯನ್ಸ್, ಶಾರ್ಕ್ಸ್, ಸ್ಟಾರ್ಮರ್ಸ್ 2021ರಲ್ಲಿ, ಐರ್ಲೆಂಡ್ ಮುಂತಾದ ಯುರೋಪಿನ ತಂಡಗಳಿರುವ ಯುನೈಟೆಡ್ ರಗ್ಬಿ ಚಾಂಪಿಯನ್‌ಶಿಪ್ ಕಡೆ ಹೊರಳಿದ್ದಕ್ಕೆ ಟಿವಿ ದುಡ್ಡು, ಕೋವಿಡ್ ಎಲ್ಲಾ ಕಾರಣ ಹೇಳುತ್ತಾರೆ. ನನ್ನಂಥವನಿಗೆ ಮೊದಲು ಕಾಣುವುದು ನಿದ್ದೆಯ ಲೆಕ್ಕ. ಪ್ರಯಾಣ ಅಂದರೆ ನನಗೆ ನ್ಯೂಜಿಲೆಂಡಿನ 2011ರ ಕ್ರುಸೇಡರ್ಸ್ ತಂಡ ನೆನಪಾಗುತ್ತದೆ. ಭೂಕಂಪದಲ್ಲಿ ಕ್ರೈಸ್ಟ್‌ಚರ್ಚ್‌ನ ಮೈದಾನ ಹಾಳಾಗಿ, ಇಡೀ ಸೀಸನ್ ಪರಸ್ಥಳದಲ್ಲೇ ಆಡಿದರು. ಒಂದು 'ತವರು' ಪಂದ್ಯವಂತೂ ಲಂಡನ್ನಿನ ಟ್ವಿಕನಮ್‌ನಲ್ಲಿ. ಹಾಗಿದ್ದೂ ಫೈನಲ್ ಮುಟ್ಟಿ, ಬ್ರಿಸ್ಬೇನ್‌ನಲ್ಲಿ ರೆಡ್ಸ್‌ಗೆ 18-13ರಿಂದ ಸೋತರು. ಆ ತಂಡದ ಮ್ಯಾನೇಜರ್‌ಗೆ ನನ್ನದೊಂದು ದೊಡ್ಡ ನಮಸ್ಕಾರ.

ನಮ್ಮದು ಬಸ್ಸಿನ ಬದುಕು. ಲಾಕ್‌ಗಳಿಗೆ (ಸ್ಕ್ರಮ್‌ನ ಎರಡನೇ ಸಾಲಿನ ಎತ್ತರದವರು) ಮುಂದಿನ ಬಾಗಿಲ ಪಕ್ಕದ ಸೀಟು, ಕಾಲು ಚಾಚಲು ಜಾಗ ಇರುತ್ತದೆ. ಪ್ರಾಪ್‌ಗಳನ್ನು ಜೋಡಿಯಾಗಿ ಕೂರಿಸುವುದಿಲ್ಲ, ಭುಜಕ್ಕೆ ಭುಜ ಒತ್ತಿ ಇಬ್ಬರೂ ಸೆಟೆದುಕೊಂಡು ಇಳಿಯುತ್ತಾರೆ. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ ಎಲ್ಲರನ್ನೂ ಕೆಳಗಿಳಿಸುತ್ತೇನೆ, ಗೊಣಗಿದರೂ ಸರಿ. ಪಂದ್ಯಕ್ಕೆ ಮೂರು ಗಂಟೆ ಮುಂಚೆ ಊಟ ಮುಗಿದಿರಬೇಕು. ಆ ಊಟದ ಹೊತ್ತು ಇಟ್ಟುಕೊಂಡು ಹಿಂದಕ್ಕೆ ಎಣಿಸಿ ಬಸ್ ಹೊರಡುವ ಸಮಯ ನಿರ್ಧರಿಸುತ್ತೇನೆ. ಬೆಳಗಿನ ಜಾವಕ್ಕಿಂತ ಮುಂಚೆ ಹೊರಡಬೇಕು ಅಂತ ಬಂದರೆ ಹಿಂದಿನ ರಾತ್ರಿಯೇ ಹೋಗಿ ತಂಗುವುದು, ಇಲ್ಲವೇ ಪಂದ್ಯದ ಸಮಯ ಮುಂದೂಡಲು ಕೇಳುವುದು. ದೂರದ ಪಂದ್ಯದಲ್ಲಿ ಗೆಲುವಿನ 4 ಪಾಯಿಂಟ್ ಸಿಗದಿದ್ದರೂ 7 ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ 1, ನಾಲ್ಕು ಟ್ರೈ ಹಾಕಿದರೆ, ಅಂದರೆ ಎದುರಾಳಿಯ ಗೆರೆಯಾಚೆ ನಾಲ್ಕು ಸಲ ಚೆಂಡು ನೆಲಕ್ಕೆ ಮುಟ್ಟಿಸಿದರೆ, ಇನ್ನೊಂದು. ಬಸ್ಸಿನಲ್ಲಿ ದಣಿದ ತಂಡಕ್ಕೆ ಕೊನೆಯ 20 ನಿಮಿಷ ಇದೇ ಆಸರೆ. ಅದಕ್ಕೇ ಅಂಥ ದಿನ ಬೆಂಚಿನಲ್ಲಿ 5ರ ಬದಲು 6 ಫಾರ್ವರ್ಡ್‌ಗಳನ್ನು (ಸ್ಕ್ರಮ್‌ಗೆ ಇಳಿಯುವವರು) ಇಡಲು ಕೋಚ್‌ಗೆ ಹೇಳುತ್ತೇನೆ. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು.

ಆಟಗಾರರ ಓಡಾಟವೇ ನಿಜವಾದ ತಲೆನೋವು. ಉತ್ತರ ಗೋಳಾರ್ಧದ ಸೀಸನ್ ಮುಗಿಯುವಾಗ ದಕ್ಷಿಣ ಗೋಳಾರ್ಧದಲ್ಲಿ ಕ್ಲಬ್ ಆಟ ಜೋರಾಗಿರುತ್ತದೆ, ಹಾಗಾಗಿ ಎರಡೂ ಕಡೆ ಆಡುವ ಹುಡುಗರು ಸೀಸನ್ ನಡುವೆ ಮಾಯವಾಗುತ್ತಾರೆ. ದೊಡ್ಡ ಕ್ಲಬ್ ಒಂದು ನಮ್ಮ ಟೈಟ್‌ಹೆಡ್‌ನನ್ನು ಹೀಗೇ ಸದ್ದಿಲ್ಲದೆ ಕರೆಸಿಕೊಂಡಿತು. ನಮಗೆ ಗೊತ್ತಾದದ್ದು ಅವರ ಜೆರ್ಸಿಯಲ್ಲಿ ಅವನ ಫೋಟೋ ನೋಡಿದ ಮೇಲೆ. ಒಂದು ದೇಶದ ಯೂನಿಯನ್‌ನಿಂದ (ರಗ್ಬಿ ಸಂಸ್ಥೆ) ಇನ್ನೊಂದಕ್ಕೆ ಹೋಗಲು ಕ್ಲಿಯರೆನ್ಸ್ ಬೇಕು. ಒಂದೇ ಲೀಗ್ ಒಳಗಿನ ಬದಲಾವಣೆಗೆ ಒಂದು ಫಾರ್ಮ್, ಒಂದು ಸಹಿ. ಆಮೇಲೆ ಅಕ್ಕಪಕ್ಕದ ಕ್ಲಬ್‌ಗಳ ಮ್ಯಾನೇಜರ್‌ಗಳ ಜೊತೆ ಮಾತಾಡಿ ಒಪ್ಪಂದ ಮಾಡಿಕೊಂಡೆ. ಹುಡುಗ ಹೊರಡುವ ಮಾತು ಬಂದ ದಿನವೇ ಒಂದು ಫೋನ್. ಬಾಯಿಮಾತಿನ ಒಪ್ಪಂದ, ಆದರೂ ನಡೆಯುತ್ತಿದೆ. ಜೊತೆಗೆ ಪ್ರತಿ ಪ್ರೀ-ಸೀಸನ್‌ನಲ್ಲಿ ಸ್ಕ್ರಮ್‌ನ ಬದಿಗೆ ನಿಲ್ಲುವ ಒಬ್ಬ ಫ್ಲಾಂಕರ್‌ನನ್ನು ಹುಕರ್ ಆಗಿ ಪಳಗಿಸುತ್ತೇವೆ. ಚೆಂಡು ಅಂಚು ದಾಟಿ ಹೋದ ಮೇಲೆ ಎರಡು ತಂಡದ ಸಾಲುಗಳ ನಡುವೆ ಎಸೆಯುವ ಲೈನ್‌ಔಟ್ ಹುಕರ್‌ನದೇ ಕೆಲಸ, ಆ ಎಸೆತ ಕಲಿಯಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಅವನೂ ಎಲ್ಲಿಗಾದರೂ ಹೊರಟಿರುತ್ತಾನೆ, ಅದು ಬೇರೆ ವಿಷಯ. ವೃತ್ತಿಪರರ ಕಥೆ ಇನ್ನೂ ಕಷ್ಟ. 2022ರಲ್ಲಿ ಇಂಗ್ಲೆಂಡಿನ ವೂಸ್ಟರ್, ವಾಸ್ಪ್ಸ್ ಕ್ಲಬ್‌ಗಳು ದಿವಾಳಿಯಾದಾಗ ಸೀಸನ್ ನಡುವೆಯೇ ಅಷ್ಟೂ ಜನ ಬೇರೆ ಕ್ಲಬ್ ಹುಡುಕಬೇಕಾಯಿತು.

ಈಗ ನಮ್ಮ ಲೀಗ್‌ನಲ್ಲಿ ಚರ್ಚೆ ಪ್ಲೇಆಫ್ ಬಗ್ಗೆ. 2025ರ ಸೂಪರ್ ರಗ್ಬಿಯ ಹಾಗೆ ಆರು ತಂಡ ಇಟ್ಟು, ಮೊದಲ ಹಂತದಲ್ಲಿ ಸೋತವರ ಪೈಕಿ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದ ಒಂದು ತಂಡವನ್ನೂ ಸೆಮಿಗೆ ಕಳಿಸೋಣ ಅನ್ನುತ್ತಾರೆ. ಅಲ್ಲಿ ಬ್ಲೂಸ್ ತಂಡ ಹ್ಯಾಮಿಲ್ಟನ್‌ಗೆ ಹೋಗಿ ಚೀಫ್ಸ್‌ನ್ನು 20-19ರಿಂದ ಸೋಲಿಸಿತು. ಮುಂದಿನ ವಾರ ಸೋತ ಚೀಫ್ಸ್ ತವರಲ್ಲೇ ಸೆಮಿಫೈನಲ್ ಆಡಿತು, ಗೆದ್ದ ಬ್ಲೂಸ್ ಕ್ರೈಸ್ಟ್‌ಚರ್ಚ್‌ಗೆ ಹೊರಟಿತು. ಸಭೆಯಲ್ಲಿ ನಾನು ಕೇಳಿದ್ದು ಎರಡೇ ಪ್ರಶ್ನೆ. ಬಸ್ ಯಾವ ವಾರಕ್ಕೆ ಕಾಯ್ದಿರಿಸಲಿ? ಪ್ಲೇಆಫ್‌ಗೆ ನೋಂದಣಿಯ ಕೊನೆ ದಿನ ಯಾವುದು? ಎರಡನೆಯದಕ್ಕೆ ಉತ್ತರ ಸಿಕ್ಕಿದೆ. ಪುಟದಲ್ಲಿ 18ರ ಎದುರಿಗೆ ಇನ್ನೂ ಹೆಸರು ಬಿದ್ದಿಲ್ಲ, ಅಷ್ಟರೊಳಗೆ ಒಬ್ಬ ಟೈಟ್‌ಹೆಡ್ ಸಿಗಬೇಕು.