ಲ್ಯಾಬ್‌ನಿಂದ ಬಂದ ಅಬಟ್‌ಮೆಂಟ್ ಪೇಷಂಟ್ ಬಾಯಾಗ ಹೋಗೋಕಿಂತ ಮೊದಲ ಹೆಂಗ ಸಾಫ್ ಮಾಡಬೇಕು

ನಮ್ ಕಲಬುರಗಿ ಹಲ್ಲಿನ ಕ್ಲಿನಿಕ್‌ಗೆ ಹೊಸದಾಗಿ ಯಾರರ ಅಸಿಸ್ಟೆಂಟ್ ಸೇರಿದ್ರ ಮೊದಲ ದಿನ ನಾ ಟೇಬಲ್ ಮ್ಯಾಲ ಎರಡು ಸಾಮಾನ ಇಡ್ತೀನಿ. ಒಂದು ಕಂಪನಿ ಸೀಲ್ ಇರೋ ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲಿ ಕೂಡಿಸೋ ಲೋಹದ ತುಂಡು) ಡಬ್ಬಿ, ಇನ್ನೊಂದು ಲ್ಯಾಬ್‌ನವರು ಜಿಪ್ ಕವರ್‌ನಾಗ ಹಾಕಿ ಕೊರಿಯರ್ ಮಾಡಿದ ಅಬಟ್‌ಮೆಂಟ್, ಅಂದ್ರ ಇಂಪ್ಲಾಂಟ್ ಮ್ಯಾಲ ಸ್ಕ್ರೂ ಹಾಕಿ ಕೂಡಿಸಿ ಕಟ್ಟಿದ ಹಲ್ಲನ್ನ ಹಿಡಿಯೋ ತುಂಡು, ಅಂಗಡ್ಯಾಗಿನ ಮೂಗಬೊಟ್ಟಿನಗತೆ ಫಳಫಳ ಹೊಳೀತಿರ್ತದ. ಇದ್ರಾಗ ತೊಳೀಬೇಕಾದ್ದು ಯಾವುದು ಹೇಳ್ರಿ ಅಂದ್ರ ಭಾಳ ಮಂದಿ ಇಂಪ್ಲಾಂಟ್ ಕಡಿ ಕೈ ತೋರಿಸ್ತಾರ, ಅದು ಎಲುಬಿನಾಗ ಹೋಗೋದು ಅಲ್ಲೇನ್ರಿ ಅಂತ. ಲೆಕ್ಕ ಉಲ್ಟಾ ಅದ.

ಇಂಪ್ಲಾಂಟ್‌ಗೆ ನೀವು ಏನೂ ಮಾಡಬ್ಯಾಡ್ರಿ. ಅದು ಫ್ಯಾಕ್ಟರಿಯಾಗೇ ಸ್ಟೆರೈಲ್ (ಜೀವಾಣು ಒಂದೂ ಇಲ್ಲದಂಗ) ಆಗಿ, ಹೆಚ್ಚಿನವು ಗಾಮಾ ಕಿರಣ ಕೊಟ್ಟು, ಡಬ್ಬಿಯೊಳಗ ಡಬ್ಬಿ ಇಟ್ಟು ಬಂದಿರ್ತದ. ನಿಮ್ಮ ಕೆಲಸ ಸೀಲ್ ನೋಡೋದು, ಎಕ್ಸ್‌ಪೈರಿ ಡೇಟ್ ನೋಡೋದು, ಹೊರಗಿನ ಪ್ಯಾಕ್ ಬಿಚ್ಚಿ ಒಳಗಿನ ವಯಲ್ ಸ್ಟೆರೈಲ್ ಬಟ್ಟಿ ಮ್ಯಾಲ ಬೀಳಂಗ ಕೊಡೋದು, ಅಷ್ಟ. ಅದರ ಮೈಗೆ ಗ್ಲೌಸ್ ಹಾಕಿದ ಕೈ ಸೈತ ತಾಕಬಾರದು. ಕೆಳಗ ಬಿತ್ತೇನು, ಅದು ಹೋತು, ಆಟೋಕ್ಲೇವ್ (ಉಗಿ ಬಿಸಿಯಿಂದ ಜೀವಾಣು ಕೊಲ್ಲೋ ಮಷೀನ್) ಹಾಕಿ ತರ್ತೀನಿ ಅಂತ ಓಡಬ್ಯಾಡ್ರಿ.

ತೊಳೀಬೇಕಾದ್ದು ಆ ಜಿಪ್ ಕವರ್‌ನಾಗಿಂದು. ಅದು ಎಲ್ಲೆಲ್ಲಿ ಹಾದು ಬಂದದ ವಿಚಾರ ಮಾಡ್ರಿ, ಮಿಲ್ಲಿಂಗ್ ಮಷೀನ್ದು ಎಣ್ಣಿ, ಪಾಲಿಶ್ ಪೇಸ್ಟ್, ಟೈಟಾನಿಯಂ ಪುಡಿ, ಸ್ಯಾಂಡ್‌ಬ್ಲಾಸ್ಟ್ ಮಾಡಿದ ಅಲ್ಯುಮಿನಾ ಕಣ, ಮಾಡೆಲ್ ಮ್ಯಾಲ ಕೂಡಿಸಿ ನೋಡಿದಾಗ ಹತ್ತಿದ ಪ್ಲಾಸ್ಟರ್, ಮ್ಯಾಲ ಟೆಕ್ನಿಷಿಯನ್ ಬೆರಳು. ಇದು ಹೋಗಿ ಕೂಡೋದು ವಸಡಿನ ಒಳಗ. ವಸಡು ಅದಕ್ಕ ಅಂಟಿ ಮುಚ್ಚಿಕೊಂಡ್ರ ಇಂಪ್ಲಾಂಟ್ ಉಳೀತದ, ಹೊಲಸ ಇದ್ರ ಅಲ್ಲೇ ಕೆಂಪಾಗಿ ಬಾತುಕೊಂತದ. ಕಂಪನಿಯಿಂದ ರೆಡಿ ಬರೋ ಅಬಟ್‌ಮೆಂಟೂ ಎಲ್ಲಾ ಸ್ಟೆರೈಲ್ ಇರಂಗಿಲ್ಲ, ಡಬ್ಬಿ ಮ್ಯಾಲ ನಾನ್-ಸ್ಟೆರೈಲ್ ಅನ್ನೋ ಗುರುತಿದ್ರ ಅದು ನೀವೇ ಮಾಡ್ಕೋಬೇಕು ಅಂತ ಅರ್ಥ, ಗುರುತು ಸಣ್ಣದಿರ್ತದ, ಕಣ್ಣು ಹಾಯಿಸಿ ಬಿಟ್ರ ಗೊತ್ತಾಗಂಗಿಲ್ಲ.

ಮೊದಲ ಸ್ಕ್ರೂ ಬಿಚ್ಚಿ ಬ್ಯಾರೆ ಇಡ್ರಿ. ಲ್ಯಾಬ್‌ನವರು ಹತ್ತು ಸಲ ತಿರುವಿದ ಸ್ಕ್ರೂ ಪೇಷಂಟ್‌ಗೆ ಹಾಕೋದಲ್ಲ, ಹೊಸದು ಆರ್ಡರ್ ಮಾಡಿರ್ಬೇಕು, ಬಂದಿಲ್ಲಂದ್ರ ಡಾಕ್ಟರ್‌ಗೆ ಆವತ್ತೇ ಹೇಳ್ರಿ. ಆಮ್ಯಾಲ ಲೂಪ್ (ದೊಡ್ಡದಾಗಿ ತೋರಿಸೋ ಕನ್ನಡಕ) ಹಾಕಿ ಇಲ್ಲಾ ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ಕೆಳಗಿನ ಕನೆಕ್ಷನ್ ಭಾಗ ನೋಡ್ರಿ, ಝಿರ್ಕೋನಿಯಾ (ಬಿಳಿ ಸೆರಾಮಿಕ್) ಇದ್ದು ಟೈ-ಬೇಸ್‌ಗೆ, ಅಂದ್ರ ಟೈಟಾನಿಯಂ ಬುಡಕ್ಕ, ಅಂಟಿಸಿದ್ದಿದ್ರ ಆ ಜೋಡಣಿ ಗೆರಿ ಮ್ಯಾಲ ಸಿಮೆಂಟ್ ಉಳಿದದೇನು ನೋಡ್ರಿ. ಸಿಮೆಂಟ್ ಕಂಡ್ರ ನೀವು ಸ್ಕೇಲರ್ ತಗೊಂಡು ಕೆರೀಬ್ಯಾಡ್ರಿ, ವಾಪಸ್ ಕಳಸ್ರಿ.

ತಿಕ್ಕೋದಕ್ಕ ಮೆತ್ತನ ನೈಲಾನ್ ಬ್ರಷ್, ನ್ಯೂಟ್ರಲ್ ಡಿಟರ್ಜೆಂಟ್ ಇಲ್ಲಾ ಎಂಜೈಮ್ ಸೊಲ್ಯೂಷನ್, ಬಾಟಲಿ ಮ್ಯಾಲ ಎಷ್ಟು ನೀರಿಗೆ ಎಷ್ಟು ಅಂತ ಬರೆದದ ಅಷ್ಟೇ. ಜಾಸ್ತಿ ಹಾಕಿದ್ರ ಜಾಸ್ತಿ ಸಾಫ್ ಆಗಂಗಿಲ್ಲ, ಅದನ್ನ ತೊಳಿಯೋದೇ ಒಂದ್ ಕೆಲಸ ಆಗ್ತದ. ಸ್ಕ್ರೂ ತೂತಿನ ಒಳಗ ಬ್ರಷ್ ಹೋಗಂಗಿಲ್ಲ, ಅಲ್ಲಿಗೆ ಹಲ್ಲಿನ ಸಂದಿ ತಿಕ್ಕೋ ಸಣ್ಣ ಇಂಟರ್‌ಡೆಂಟಲ್ ಬ್ರಷ್ ಬರೋಬರಿ ಆಗ್ತದ, ನಾ ಹೊಸದೊಂದು ಇದರ ಸಲುವಾಗೇ ಇಟ್ಟೀನಿ. ತಂತಿ ಬ್ರಷ್ ಬ್ಯಾಡ. ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಬ್ಲೀಚ್) ದ್ರಾವಣದಾಗ ಹಾಕೋದೂ ಬ್ಯಾಡ, ಬೀದರ್ ಕೋಟಿ ಮಣ್ಣು ಹಚ್ಚಿದ್ರ ಬಿದ್ರಿ ಸಾಮಾನ ಹೆಂಗ ಕಪ್ಪಾಗ್ತದ ನೋಡಿರ್ತೀರಿ, ಲೋಹ ಅನ್ನೋದು ಏನ್ ಹಚ್ಚಿದ್ರ ಅದಕ್ಕ ಉತ್ತರ ಕೊಡ್ತದ, ಟ್ರೇದಾಗ ಸ್ಟೀಲ್ ಸಾಮಾನ ಇದ್ರಂತೂ ಹೈಪೋ ಅದನ್ನ ತಿಂದೇ ಬಿಡ್ತದ.

ಆಮ್ಯಾಲ ಅಲ್ಟ್ರಾಸಾನಿಕ್, ಅಂದ್ರ ಸದ್ದಿನ ಅಲಿಯಿಂದ ನೀರಾಗ ಹೊಲಸ ಬಿಡಿಸೋ ಮಷೀನ್. ಅಬಟ್‌ಮೆಂಟ್ ನೇರ ಟಬ್‌ನಾಗ ಒಗೀಬ್ಯಾಡ್ರಿ, ಸಣ್ಣ ಗಾಜಿನ ಬೀಕರ್‌ನಾಗ ಸೊಲ್ಯೂಷನ್ ಹಾಕಿ ಅದ್ರಾಗ ಇಟ್ಟು, ಬೀಕರ್ ಟಬ್ ನೀರಾಗ ನಿಂದರಿಸ್ರಿ. ಒಂದು ಬೀಕರ್‌ಗೆ ಒಂದೇ ಪೇಷಂಟ್‌ದು, ತುಣುಕುಗಳು ಒಂದಕ್ಕೊಂದು ತಾಕಬಾರದು, ಬರ್‌ಗಳ (ಹಲ್ಲು ಕೊರಿಯೋ ಮೊನಿಗಳು) ಜೋಡಿ ಕೂಡಿಸಿ ಹಾಕೋದಂತೂ ಬ್ಯಾಡೇ ಬ್ಯಾಡ. ಬಾಯಾಗ ಒಮ್ಮೆ ಟ್ರೈ-ಇನ್ (ಹಾಕಿ ನೋಡೋದು) ಆಗಿ ಬಂದಿದ್ದಿದ್ರ ರಕ್ತ ಜೊಲ್ಲು ಹತ್ತಿರ್ತದ, ನೀರು 45 ಡಿಗ್ರಿ ದಾಟಿದ್ರ ಆ ಪ್ರೋಟೀನ್ ತತ್ತಿ ಬೆಂದಂಗ ಗಟ್ಟಿ ಆಗಿ ಕಚ್ಚಿಕೊಂತದ, ನಮ್ಮಲ್ಲಿ ಮೇ ತಿಂಗಳದಾಗ ಟ್ಯಾಂಕಿ ನೀರೇ ಕಾದು ಬಂದಿರ್ತದ, ಅದಕ್ಕ ಥರ್ಮಾಮೀಟರ್ ಹಾಕಿ ನೋಡ್ರಿ. ಮಷೀನ್ ನಡೀಲಾಕತ್ತದೋ ಬರೀ ಸದ್ದು ಮಾಡ್ಲಾಕತ್ತದೋ ಅನ್ನೋದು ತಿಳೀಬೇಕಂದ್ರ ಚಪಾತಿ ಸುತ್ತೋ ಅಲ್ಯುಮಿನಿಯಂ ಫಾಯಿಲ್ ಒಂದು ತುಂಡು ಅರ್ಧ ನಿಮಿಷ ನೀರಾಗ ನೆಟ್ಟಗ ಹಿಡೀರಿ, ಎಲ್ಲಾ ಕಡಿ ಸಣ್ಣ ಸಣ್ಣ ಚುಕ್ಕಿ ತೂತು ಬಿದ್ರ ಸರಿ ಅದ.

ಈಗ ನೀರಿನ ಮಾತು, ಇದೇ ಸಲುವಾಗಿ ನಾ ಬರೀಲಾಕ ಕುಂತಿದ್ದು. ನಮ್ಮ ಕಡಿ ನೆಲದ ಕೆಳಗೆಲ್ಲಾ ಸುಣ್ಣದ ಕಲ್ಲು, ಶಹಾಬಾದ್ ಫರ್ಸಿ ಬರೋದೂ ಅಲ್ಲಿಂದ, ವಾಡಿ ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರಿ ಬಂದಿದ್ದೂ ಅದಕ್ಕೇ, ನಿಮ್ಮ ಮನಿ ನೀರು ಕಾಸೋ ಹಂಡೇದಾಗ ಬಿಳಿ ಪದರ ಕೂಡೋದೂ ಅದಕ್ಕೇ. ಸೇರಿದ ಹೊಸದ್ರಾಗ ನಾ ಎಲ್ಲಾ ಬರೋಬರಿ ಮಾಡಿ ಕೊನಿಗೆ ಬೋರ್ ನಳದ ಕೆಳಗ ಹಿಡಿದು ಜಾಲಾಡಿಸಿ ಹಂಗೇ ಪೌಚ್‌ನಾಗ ಹಾಕಿ ಆಟೋಕ್ಲೇವ್‌ಗೆ ಇಟ್ಟಿದ್ದೆ, ತೆಗೆದಾಗ ಮೈತುಂಬ ಬಿಳಿ ಚುಕ್ಕಿ, ಡಾಕ್ಟರ್ ನೋಡಿ ಏನೂ ಅನ್ನಲಿಲ್ಲ, ಆಳಂದದಿಂದ ಬಸ್ ಹತ್ತಿ ಬಂದ ಅಜ್ಜಾಗ ಮಾತ್ರ ಇನ್ನೊಂದು ದಿನ ಬರ್ರಿ ಅಂತ ನಾನೇ ಹೇಳಬೇಕಾತು. ಅವತ್ತಿನಿಂದ ಕೊನಿ ತೊಳೆಯೋದು ಡಿಸ್ಟಿಲ್ಡ್ ವಾಟರ್‌ನಾಗೇ, ಎರಡು ಬ್ಯಾರೆ ಬಟ್ಟಲದಾಗ ಎರಡು ಸಲ. ಆರ್‌ಓ ನೀರು ಡಿಸ್ಟಿಲ್ಡ್ ಅಲ್ರಿ, ಅದ್ರಾಗ ಉಪ್ಪಿನ ಅಂಶ ಉಳಿದಿರ್ತದ. ಬ್ಯಾಟರಿ ಅಂಗಡ್ಯಾಗಿನ ನೀರಿನ ಕ್ಯಾನ್ ತಂದು ಇದಕ್ಕ ಬಳಸೋದನ್ನೂ ನಾ ಒಪ್ಪಂಗಿಲ್ಲ. ಆಟೋಕ್ಲೇವ್ ಟ್ಯಾಂಕಿಗೂ ಡಿಸ್ಟಿಲ್ಡೇ ಹಾಕ್ರಿ, ಇಲ್ಲಂದ್ರ ಉಗಿ ಜೋಡಿ ಅದೇ ಹೊಲಸ ಮತ್ತ ಬಂದು ಕೂಡ್ತದ.

ಒಣಗಿಸೋದಕ್ಕ ಹತ್ತಿ ಬ್ಯಾಡ, ಎಳಿ ಬಿಡ್ತದ. ಎಳಿ ಬಿಡದ ಬಟ್ಟಿ ತಗೋರಿ. ಕಂಪ್ರೆಸರ್ ಗಾಳಿ ಹೊಡೀತೀನಿ ಅಂದ್ರ ಮೊದಲ ಒಂದು ಗಾಜಿನ ತುಂಡಿನ ಮ್ಯಾಲ ಹೊಡೆದು ನೋಡ್ರಿ, ಎಣ್ಣಿ ನೀರು ಬರ್ತದೇನು ಅಂತ.

ಪೌಚ್‌ನಾಗ ಅಬಟ್‌ಮೆಂಟ್ ಬ್ಯಾರೆ ಸ್ಕ್ರೂ ಬ್ಯಾರೆ ಇಟ್ಟು, ಪೇಷಂಟ್ ನಂಬರ್ ತಾರೀಖು ಪ್ಲಾಸ್ಟಿಕ್ ಕಡಿ ಬರೀರಿ, ಪೇಪರ್ ಕಡಿ ಪೆನ್ ಒತ್ತಿದ್ರ ತೂತು ಬೀಳ್ತದ. ಟೆಂಪರೇಚರ್ ಟೈಮ್ ಕಂಪನಿ ಕಾಗದದಾಗ ಏನ್ ಬರೆದದ ಅದೇ ಕಾನೂನು. ಸಾಮಾನ್ಯವಾಗಿ ವ್ಯಾಕ್ಯೂಮ್ ಎಳಿಯೋ ಬಿ ಕ್ಲಾಸ್ ಮಷೀನ್‌ನಾಗ 132 ಡಿಗ್ರಿ 4 ನಿಮಿಷ, ಸಾದಾ ಮಷೀನ್‌ನಾಗ ಪೌಚ್ ಹಾಕಿದ್ದು 121 ಡಿಗ್ರಿ 30 ನಿಮಿಷ, ಈ ಲೆಕ್ಕ ಶುರು ಆಗೋದು ಆ ಬಿಸಿ ಮುಟ್ಟಿದ ಮ್ಯಾಲ, ಬಟನ್ ಒತ್ತಿದಾಗ ಅಲ್ಲ. ನಡುವ ಕರೆಂಟ್ ಹೋತು ಅಂದ್ರ ಉಳಿದ ಎರಡು ನಿಮಿಷ ಆಮ್ಯಾಲ ಕೊಡೋದಲ್ಲ, ಮೊದಲಿಂದ. ಪೌಚ್ ಹಸಿ ಇದ್ರ ಅದು ಸ್ಟೆರೈಲ್ ಅಲ್ಲ. ಪೌಚ್ ಮ್ಯಾಲಿನ ಬಣ್ಣ ಬದಲಾದ್ರ ಬಿಸಿ ತಾಕೇದ ಅಂತಷ್ಟೇ ಗೊತ್ತಾಗೋದು, ಜೀವಾಣು ಸತ್ತಾವೋ ಇಲ್ಲೋ ನೋಡ್ಲಾಕ ವಾರಕ್ಕೊಮ್ಮೆ ಸ್ಪೋರ್ (ಜೀವಾಣುವಿನ ಸುಲಭಕ್ಕ ಸಾಯದ ಗಟ್ಟಿ ರೂಪ) ಟೆಸ್ಟ್ ಹಾಕಬೇಕು.

ಕೆಲವು ಕಡಿ ಸ್ಪಿರಿಟ್‌ನಾಗ ಅದ್ದಿ ತೆಗೀತಾರ, ಕ್ಲೋರ್‌ಹೆಕ್ಸಿಡಿನ್ ಒರಸ್ತಾರ, ಗ್ಲಾಸ್ ಬೀಡ್‌ನಾಗ (ಕಾಸಿದ ಗಾಜಿನ ಮಣಿ) ಚುಚ್ಚಿ ತೆಗೀತಾರ. ಸ್ಪಿರಿಟ್ ಸ್ಪೋರ್ ಕೊಲ್ಲಂಗಿಲ್ಲ, ಮಾತು ಮುಗೀತು. ಒಬ್ಬರ ಬಾಯಾಗಿಂದ ತೆಗೆದ ಹೀಲಿಂಗ್ ಅಬಟ್‌ಮೆಂಟ್ (ವಸಡು ಮಾಯೋತನಕ ಹಾಕೋ ತಾತ್ಕಾಲಿಕ ತುಂಡು) ತೊಳೆದು ಇನ್ನೊಬ್ಬರಿಗೆ ಹಾಕೋ ವಿಚಾರನೂ ಇಲ್ಲೇ ಬರ್ತದ, ರೊಕ್ಕ ಉಳೀತದ ಖರೇ, ಆದ್ರ ಡಬ್ಬಿ ಮ್ಯಾಲ ಗುಂಡದೊಳಗ 2 ಬರೆದು ಗೀಟು ಹೊಡೆದಿದ್ರ ಅದು ಒಬ್ಬರಿಗೇ. ತಿಕ್ಕಿ ಆಟೋಕ್ಲೇವ್ ಮಾಡಿದವನ್ನ ಬಣ್ಣ ಹಾಕಿ ನೋಡಿದಾಗ ಹಳೇ ಪ್ರೋಟೀನ್ ಹಂಗೇ ಅಂಟಿದ್ದು ಸಿಕ್ಕದ.

ಪೌಚ್ ಹರಿಯೋದು ಡಾಕ್ಟರ್ ಕೈ ಚಾಚಿದಾಗ, ಅದಕ್ಕೂ ಮೊದಲ ಅಲ್ಲ. ಟಾರ್ಕ್ ಕೊಟ್ಟಾದ ಮ್ಯಾಲ, ಅಂದ್ರ ಸ್ಕ್ರೂ ಅಳತಿ ಪ್ರಕಾರ ಬಿಗಿ ಮಾಡಾದ ಮ್ಯಾಲ, ಅಬಟ್‌ಮೆಂಟ್ದು ಸ್ಕ್ರೂದು ಲಾಟ್ ನಂಬರ್ ಸ್ಟಿಕ್ಕರ್ ಫೈಲ್‌ಗೆ ಹಚ್ರಿ, ನಾಳೆ ಪೇಷಂಟ್ ಮಗನ ಮನಿಗೆ ಹೈದರಾಬಾದ್‌ಗೆ ಹೋದಾಗ ಸ್ಕ್ರೂ ಲೂಸ್ ಆಗಿ ಅಲ್ಲಿನ ಡಾಕ್ಟರ್ ಫೋನ್ ಹಚ್ಚಿ ಯಾವ ಕಂಪನೀದು ಯಾವ ಸೈಜ್ ಅಂತ ಕೇಳಿದ್ರ ಹೇಳ್ಲಾಕ ಬರ್ತದ.